4ಎಸ್ ಮೊದಲು ತುಂಬುತ್ತೆ ಅಂದಮೇಲೆ ಕಬ್ಬಿಣ ಮೊದಲು ಬಿಡೋದೂ 4ಎಸ್ ಯಾಕೆ?

ಕುಷ್ಟಗಿ ಹುಡುಗಿ

ಸೈನ್ಸ್ ತಗೊಂಡು ಪಿಯುಸಿ ಓದುತ್ತಿದ್ದೇನೆ. ಎಲೆಕ್ಟ್ರಾನ್ ವಿನ್ಯಾಸದ ಪಾಠದಲ್ಲಿ ಒಂದು ಕಡೆ ಸಿಕ್ಕಿಹಾಕಿಕೊಂಡಿದ್ದೇನೆ, ಯಾರಾದರೂ ಬಿಡಿಸಿ ಹೇಳಿ. ಕಡಿಮೆ ಶಕ್ತಿಯ ಆರ್ಬಿಟಲ್ (ಪರಮಾಣುವಿನಲ್ಲಿ ಎಲೆಕ್ಟ್ರಾನ್ ಇರೋ ಜಾಗ; 4ಎಸ್, 3ಡಿ ಅನ್ನೋದು ಅವುಗಳ ಹೆಸರು) ಮೊದಲು ತುಂಬುತ್ತದೆ, ಅದಕ್ಕೇ ಪೊಟ್ಯಾಶಿಯಂನ 19ನೇ ಎಲೆಕ್ಟ್ರಾನ್ 3ಡಿ ಬಿಟ್ಟು 4ಎಸ್‌ಗೆ ಹೋಗುತ್ತದೆ ಅಂತ ಕಲಿತೆವು. ಸರಿ. ಕಬ್ಬಿಣ 3ಡಿ⁶ 4ಎಸ್², ಅಂದರೆ 3ಡಿಯಲ್ಲಿ ಆರು, 4ಎಸ್‌ನಲ್ಲಿ ಎರಡು ಎಲೆಕ್ಟ್ರಾನ್. ಅದೂ ಸರಿ. ಆದರೆ ಕಬ್ಬಿಣ ಎರಡು ಎಲೆಕ್ಟ್ರಾನ್ ಕಳೆದುಕೊಂಡಾಗ ಹೋಗೋದು 4ಎಸ್‌ನವಂತೆ! ಶಕ್ತಿ ಕಡಿಮೆ ಅಂದರೆ ಗಟ್ಟಿಯಾಗಿ ಕೂತಿರಬೇಕು ಅಲ್ವಾ? ಅದೇ ಮೊದಲು ಹೇಗೆ ಕಿತ್ತುಬರುತ್ತದೆ? ಕ್ಲಾಸಿನಲ್ಲಿ ಕೇಳಿದರೆ "ರೂಲ್ ಹಾಗೇ ಇದೆ, ಬರ್ಕೋ" ಅಂದರು. ಸಿಇಟಿಗೆ ಅಷ್ಟು ಸಾಕೇನೋ, ನನಗೆ ಸಾಕಾಗುತ್ತಿಲ್ಲ.

ಗಂಗಾವತಿ ಮಂಜು

4 ಹೊರಗಿನ ಶೆಲ್, 3 ಒಳಗಿನದು. ಹೊರಗಿದ್ದದ್ದು ಮೊದಲು ಹೋಗುತ್ತದೆ. ಅಷ್ಟೇ ತಂಗಿ, ಇದನ್ನೇ ಹಿಡಿದು ಕೂತರೆ ಉಳಿದ ಪಾಠ ಯಾವಾಗ ಮುಗಿಸ್ತೀಯಾ?

ರಾಯಚೂರು ಕೆಮಿಸ್ಟ್ರಿ ಮೇಡಂ

ಮಂಜು ಅವರೇ, ದೂರ ಅನ್ನೋದು ಅರ್ಧ ಉತ್ತರ. ಅವಳು ಕೇಳುತ್ತಿರೋದು ಶಕ್ತಿಯ ಬಗ್ಗೆ.

ನೋಡಮ್ಮ, ನಿನ್ನ ತರ್ಕ ಸರಿಯಾಗೇ ಇದೆ. ಎಡವಟ್ಟು ಇರೋದು "4ಎಸ್ ಯಾವಾಗಲೂ 3ಡಿಗಿಂತ ಕೆಳಗೆ" ಅನ್ನೋ ಮಾತಿನಲ್ಲಿ. ಪೊಟ್ಯಾಶಿಯಂ, ಕ್ಯಾಲ್ಶಿಯಂವರೆಗೆ ಅದು ನಿಜ, ಮುಂದೆ ಅಲ್ಲ. ಶಕ್ತಿ ಮಟ್ಟಗಳು ಮನೆ ಮೆಟ್ಟಿಲಿನ ಹಾಗೆ ಒಮ್ಮೆ ಕಟ್ಟಿದ ಮೇಲೆ ಅಲ್ಲೇ ಇರುವಂಥವಲ್ಲ. ನ್ಯೂಕ್ಲಿಯಸ್‌ನಲ್ಲಿ ಪ್ರೋಟಾನ್ ಜಾಸ್ತಿ ಆದಂತೆ ಎಲ್ಲವೂ ಕೆಳಗಿಳಿಯುತ್ತವೆ, ಅದರಲ್ಲೂ 3ಡಿ ಬಹಳ ಬೇಗ ಇಳಿಯುತ್ತದೆ, ಸ್ಕ್ಯಾಂಡಿಯಂ ಬರುವಷ್ಟರಲ್ಲೇ ಅದು 4ಎಸ್‌ಗಿಂತ ಕೆಳಗೆ ಹೋಗಿರುತ್ತದೆ.

ನಂಬಿಕೆ ಬರಲಿಲ್ವಾ? ಕ್ಯಾಲ್ಶಿಯಂ ಪರಮಾಣುವಿನಲ್ಲಿ 20 ಎಲೆಕ್ಟ್ರಾನ್. ಟೈಟಾನಿಯಂ ಎರಡು ಕಳೆದುಕೊಂಡರೆ ಅದರಲ್ಲೂ 20. ಕ್ಯಾಲ್ಶಿಯಂನಲ್ಲಿ ಕೊನೆಯ ಎರಡು ಕೂತಿರೋದು 4ಎಸ್‌ನಲ್ಲಿ. ಟೈಟಾನಿಯಂ ಅಯಾನಿನಲ್ಲಿ 3ಡಿಯಲ್ಲಿ! ಎಲೆಕ್ಟ್ರಾನ್ ಎಣಿಕೆ ಒಂದೇ, ಪ್ರೋಟಾನ್ ಎರಡು ಜಾಸ್ತಿ, ಅಷ್ಟಕ್ಕೇ ಜಾಗ ಬದಲಾಯಿತು.

ಹಾಗಾದರೆ ಕಬ್ಬಿಣದ ಎಂಟೂ 3ಡಿಗೇ ಯಾಕೆ ಹೋಗಲಿಲ್ಲ ಅಂತ ಕೇಳ್ತೀಯಾ. 3ಡಿ ಇಕ್ಕಟ್ಟಾದ ಜಾಗ, ಅಲ್ಲಿರುವ ಎಲೆಕ್ಟ್ರಾನ್‌ಗಳು ಒಂದನ್ನೊಂದು ಜೋರಾಗಿ ತಳ್ಳುತ್ತವೆ. ಎರಡು ಅಗಲವಾದ 4ಎಸ್‌ಗೆ ಹೋಗಿ ಕೂತರೆ ಆ ತಳ್ಳಾಟ ಕಡಿಮೆ, ಇಡೀ ಪರಮಾಣುವಿನ ಒಟ್ಟು ಶಕ್ತಿಯೂ ಕಡಿಮೆ. ತಗೊಳ್ಳೋಕೆ ಬಂದವರಿಗೆ ಸುಲಭವಾಗಿ ಸಿಗೋದೂ ಆ ಎರಡೇ. ಮೊದಲನೆಯದನ್ನು ಕೀಳಲು 7.9 ಎಲೆಕ್ಟ್ರಾನ್ ವೋಲ್ಟ್ (ಪರಮಾಣು ಮಟ್ಟದಲ್ಲಿ ಶಕ್ತಿಯ ಅಳತೆ) ಬೇಕು, ಎರಡನೆಯದಕ್ಕೆ 16.2. ಮೂರನೆಯದು 3ಡಿಯಿಂದಲೇ ಬರಬೇಕು, ಅದಕ್ಕೆ ಹೆಚ್ಚುಕಡಿಮೆ 30.7.

ಇದು ಬರೀ ಪುಸ್ತಕದ ಲೆಕ್ಕ ಅಲ್ಲ. ಮೂರು ಕಳೆದುಕೊಂಡ ಕಬ್ಬಿಣದಲ್ಲಿ 4ಎಸ್ ಹಾಗೇ ಉಳಿದು 3ಡಿಯಿಂದಲೇ ಹೋಗಿದ್ದರೆ ಜೋಡಿ ಇಲ್ಲದ ಎಲೆಕ್ಟ್ರಾನ್ ಮೂರು ಇರಬೇಕಿತ್ತು, 4ಎಸ್ ಖಾಲಿಯಾಗಿದ್ದರೆ ಐದು. ಅಂಥ ಕಬ್ಬಿಣವಿರುವ ಫೆರಿಕ್ ಅಲಂನಂಥ ಲವಣದ ಕಾಂತೀಯ ಗುಣ ಅಳೆದರೆ ಸುಮಾರು 5.9 ಬೋರ್ ಮ್ಯಾಗ್ನೆಟಾನ್ ಬರುತ್ತದೆ. ಅದು ಐದರ ಲೆಕ್ಕ. ಮೂರಿದ್ದರೆ 3.9ರ ಹತ್ತಿರ ನಿಲ್ಲಬೇಕಿತ್ತು. "ಬರ್ಕೋ" ಅಂದವರು ಇದೊಂದನ್ನು ಹೇಳಿದ್ದರೂ ಸಾಕಿತ್ತು.

ತೋರಣಗಲ್ಲು ಲ್ಯಾಬ್

ಮೇಡಂ ಹೇಳಿದ್ದಕ್ಕೆ ನಮ್ಮ ಕಡೆಯಿಂದ ಸ್ವಲ್ಪ ಸೇರಿಸ್ತೀನಿ, ಉಕ್ಕಿನ ಕಾರ್ಖಾನೆ ಲ್ಯಾಬಿನಲ್ಲಿ ದಿನವಿಡೀ ಎಲೆಕ್ಟ್ರಾನ್ ಏರಿಸೋದು ಇಳಿಸೋದೇ ನಮ್ಮ ಕೆಲಸ. ಕರಗಿದ ಉಕ್ಕಿನಿಂದ ತೆಗೆದ ಸ್ಯಾಂಪಲ್ ಬರುತ್ತೆ, ಲಾಲಿಪಾಪ್ ಅಂತೀವಿ, ಆಕಾರ ಹಾಗೇ ಇರುತ್ತೆ. ಅದರ ಮುಖ ಉಜ್ಜಿ, ಸ್ಪೆಕ್ಟ್ರೋಮೀಟರ್ (ಬೆಳಕನ್ನು ಬಿಡಿಸಿ ಅಳೆಯೋ ಯಂತ್ರ) ಮೇಲಿಟ್ಟು, ಆರ್ಗಾನ್ ಬಿಟ್ಟು ಕಿಡಿ ಹೊಡೆಸಿದರೆ ಹೊರಗಿನ ಎಲೆಕ್ಟ್ರಾನ್‌ಗಳು ಮೇಲಿನ ಮಟ್ಟಕ್ಕೆ ಹಾರುತ್ತವೆ. ವಾಪಸ್ ಬೀಳುವಾಗ ಎರಡು ಮಟ್ಟದ ನಡುವಿನ ಶಕ್ತಿ ಎಷ್ಟಿದೆಯೋ ಅಷ್ಟೇ ಬೆಳಕಾಗಿ ಬಿಡುತ್ತವೆ. ಆ ಬೆಳಕಿನ ಅಲೆಯುದ್ದ ನೋಡಿ ಯಾವ ಧಾತು ಅಂತ ಗುರುತಿಸ್ತೀವಿ: ಕಾರ್ಬನ್ 193 ನ್ಯಾನೋಮೀಟರ್ ಗೆರೆಯಲ್ಲಿ, ಗಂಧಕ 181ರಲ್ಲಿ ಸಿಗುತ್ತೆ. ಅಷ್ಟು ಚಿಕ್ಕ ಅಲೆಯ ಬೆಳಕನ್ನು ಗಾಳಿಯ ಆಮ್ಲಜನಕ ನುಂಗಿಬಿಡುತ್ತೆ, ಆರ್ಗಾನ್ ಬೇಕಾಗೋದು ಅದಕ್ಕೂ ಸೇರಿ.

ಸಂಡೂರು ಕಡೆಯ ಅದಿರಿಗೆ ಮಾತ್ರ ಬೇರೆ ದಾರಿ, ಎಕ್ಸ್‌ರೇ. ಅದು ತೀರಾ ಒಳಗಿನ ಶೆಲ್‌ನ ಎಲೆಕ್ಟ್ರಾನನ್ನೇ ಎಬ್ಬಿಸಿ ಓಡಿಸುತ್ತೆ. ಖಾಲಿ ಬಿದ್ದ ಜಾಗಕ್ಕೆ ಎರಡನೇ ಶೆಲ್‌ನಿಂದ ಒಂದು ಬೀಳುತ್ತೆ, ಕಬ್ಬಿಣವಾದರೆ 6.4 ಕಿಲೋ ಎಲೆಕ್ಟ್ರಾನ್ ವೋಲ್ಟ್‌ನ ಎಕ್ಸ್‌ರೇ ಹೊರಬರುತ್ತೆ. ಹೆಮಟೈಟ್‌ನಲ್ಲಿ ಕಬ್ಬಿಣ ಮೂರು ಎಲೆಕ್ಟ್ರಾನ್ ಕಳೆದುಕೊಂಡಿರುತ್ತೆ ಅಲ್ವಾ, ಆ ಗೆರೆಗೆ ಅದರ ಪರಿವೆಯೇ ಇಲ್ಲದ ಹಾಗೆ, ಲೋಹವಾಗಲಿ ಅದಿರಾಗಲಿ ಹೆಚ್ಚುಕಡಿಮೆ ಅದೇ 6.4. ತಂಗಿ, ಒಂದು ಲೆಕ್ಕ ನೋಡು: ಹೊರಗಿನದನ್ನು ಕೀಳೋಕೆ 7.9 ಎಲೆಕ್ಟ್ರಾನ್ ವೋಲ್ಟ್ ಅಂದರು ಮೇಡಂ, ಒಳಗಿನದಕ್ಕೆ ಸುಮಾರು 7,100 ಬೇಕು. ಒಂದೇ ಪರಮಾಣು, 900 ಪಟ್ಟು ವ್ಯತ್ಯಾಸ. ನೀನು ತಲೆ ಕೆಡಿಸಿಕೊಂಡಿರೋ 4ಎಸ್ 3ಡಿ ಜಗಳ ಪೂರ್ತಿ ಹೊರ ಅಂಗಳದ್ದು.

ಕುಷ್ಟಗಿ ಹುಡುಗಿ

ಟೈಟಾನಿಯಂ ಕ್ಯಾಲ್ಶಿಯಂ ಲೆಕ್ಕ ನೋಡಿದ ಮೇಲೆ ಹೊಳೀತು ಮೇಡಂ. ಥ್ಯಾಂಕ್ಸ್ ಅಣ್ಣ. ಇನ್ನೊಂದೇ ಪ್ರಶ್ನೆ, ಬೈಬೇಡಿ. ನಮ್ಮ ದಾಳಿಂಬೆ ತೋಟಕ್ಕೆ ತರೋ ಮೈಲುತುತ್ತ, ಅಂದರೆ ತಾಮ್ರದ ಸಲ್ಫೇಟ್, ನೀಲಿ, ಗೊಬ್ಬರದ ಅಂಗಡಿಯ ಜಿಂಕ್ ಸಲ್ಫೇಟ್ ಬಿಳಿ. ತಾಮ್ರ 29, ಜಿಂಕ್ 30, ಪಕ್ಕಪಕ್ಕದವು. ಅದೂ ಇದೇ ಕಥೆನಾ?

ರಾಯಚೂರು ಕೆಮಿಸ್ಟ್ರಿ ಮೇಡಂ

ಬೈಯೋದೇಕೆ, ಇದೇ ಕಥೆ. ಎರಡು ಕಳೆದುಕೊಂಡ ತಾಮ್ರದಲ್ಲಿ 3ಡಿ⁹, ಅಂದರೆ ಒಂದು ಜಾಗ ಖಾಲಿ. ಸುತ್ತ ನೀರಿನ ಅಣುಗಳು ಕೂತಾಗ ಐದು ಡಿ ಆರ್ಬಿಟಲ್‌ಗಳ ಶಕ್ತಿ ಒಂದೇ ಇರೋದಿಲ್ಲ, ಮೇಲೆ ಕೆಳಗೆ ಒಡೆಯುತ್ತವೆ. ಎಲೆಕ್ಟ್ರಾನ್ ಕೆಂಪು ಬೆಳಕು ನುಂಗಿ ಕೆಳಗಿನಿಂದ ಆ ಖಾಲಿ ಜಾಗಕ್ಕೆ ಹಾರುತ್ತದೆ, ಉಳಿದ ನೀಲಿ ನಮ್ಮ ಕಣ್ಣಿಗೆ. ಜಿಂಕ್‌ನದು 3ಡಿ¹⁰, ಎಲ್ಲ ಭರ್ತಿ, ಹಾರೋಕೆ ಜಾಗವೇ ಇಲ್ಲ. ಮೈಲುತುತ್ತವನ್ನು ಚೆನ್ನಾಗಿ ಕಾಯಿಸಿದರೆ ನೀರು ಹೋಗಿ ಬಿಳಿ ಪುಡಿ ಆಗುತ್ತದೆ, ಒಂದು ಹನಿ ನೀರು ಬಿಟ್ಟರೆ ಮತ್ತೆ ನೀಲಿ. ಕಾಲೇಜು ಲ್ಯಾಬಿನಲ್ಲೇ ಮಾಡಿ ನೋಡು, ಅಡುಗೆ ಪಾತ್ರೆಯಲ್ಲಿ ಬೇಡ, ಅದು ವಿಷ.