ದೇವಿಮನೆ ಘಟ್ಟದಲ್ಲಿ ಪಿಕಪ್ ಕಳೆದುಕೊಳ್ಳುವ ಟರ್ಬೊ ಡೀಸೆಲ್: ಮನೆಯಲ್ಲೇ ಏನನ್ನು ಪರೀಕ್ಷಿಸಬಹುದು, ಏನನ್ನು ಬದಲಿಸಬಹುದು?

ಹೆಗಡೆ, ಶಿರಸಿ

ಎಲ್ಲರಿಗೂ ನಮಸ್ಕಾರ. ನನ್ನಲ್ಲಿರುವುದು 2018ರ, ಬಿಎಸ್-4 ಮಾದರಿಯ 1.5 ಲೀಟರ್ ಟರ್ಬೊ ಡೀಸೆಲ್ ಕಾರು. ಕೆಲಸದ ನಿಮಿತ್ತ ಶಿರಸಿಗೂ ಕುಮಟಾಕ್ಕೂ ಆಗಾಗ ಓಡಾಡುತ್ತೇನೆ. ಈ ಸಲದ ಮಳೆಗಾಲ ಕಳೆದ ಮೇಲೆ, ಕುಮಟಾ ಕಡೆಯಿಂದ ದೇವಿಮನೆ ಘಟ್ಟ ಹತ್ತುವಾಗ ಮೂರನೇ ಗಿಯರಿನಲ್ಲಿ 2,000 ಆರ್‌ಪಿಎಂ ದಾಟಿದರೂ ಬರಬೇಕಾದ ಪಿಕಪ್ ಬರುತ್ತಿಲ್ಲ. ಆಕ್ಸಿಲರೇಟರ್ ಒತ್ತಿದಷ್ಟೂ ಬಾನೆಟ್ಟಿನೊಳಗಿಂದ ಸುಯ್ಯೆನ್ನುವ ಸದ್ದು ಹೆಚ್ಚಾಗುತ್ತದೆ, ಹಿಂದೆ ಕಪ್ಪು ಹೊಗೆ ಕಾಣಿಸುತ್ತದೆ. ಒಂದು ಗ್ಯಾರೇಜಿನಲ್ಲಿ ತೋರಿಸಿದಾಗ ಯಾವ ಪೈಪನ್ನೂ ಬಿಚ್ಚಿ ನೋಡದೆ ಟರ್ಬೊ (ಇಂಜಿನ್ನಿಗೆ ಗಾಳಿಯನ್ನು ಒತ್ತಿ ತುಂಬುವ ಭಾಗ) ಹೋಗಿದೆ, ಹೊಸದನ್ನೇ ಹಾಕಿಸಬೇಕು ಎಂದರು. ಅಷ್ಟು ದೊಡ್ಡ ಖರ್ಚಿಗೆ ಕೈ ಹಾಕುವ ಮೊದಲು ನಾನೇ ಏನಾದರೂ ಪರೀಕ್ಷಿಸಲು ಸಾಧ್ಯವೇ ಎಂದು ತಿಳಿಯಬೇಕಾಗಿದೆ. ಸ್ಪ್ಯಾನರ್ ಮತ್ತು ಸಾಕೆಟ್ ಸೆಟ್ ಮನೆಯಲ್ಲಿದೆ. ಆಯಿಲ್, ಫಿಲ್ಟರ್ ಬದಲಾವಣೆಯನ್ನು ಇನ್ನು ಮುಂದೆ ನಾನೇ ಮಾಡಿಕೊಳ್ಳಬೇಕೆಂಬ ಆಸೆಯೂ ಇದೆ. ತೊಂದರೆ ಸರಿಹೋದ ನಂತರ ಇಸಿಯು (ಇಂಜಿನ್ ನಿಯಂತ್ರಿಸುವ ಕಂಪ್ಯೂಟರ್) ರೀಮ್ಯಾಪ್, ಅಂದರೆ ಅದರ ಪ್ರೋಗ್ರಾಂ ಬದಲಾವಣೆ ಮಾಡಿಸಿ, ಡಬ್ಬಿಯಿಲ್ಲದ ಓಪನ್ ಏರ್ ಫಿಲ್ಟರ್ ಹಾಕಿಸಿದರೆ ಘಟ್ಟದಲ್ಲಿ ಪ್ರಯೋಜನವಾದೀತೇ ಎಂಬುದನ್ನೂ ಬಲ್ಲವರು ತಿಳಿಸಬೇಕಾಗಿ ವಿನಂತಿ.

ಗೌಡ, ಕುಮಟಾ

ಹೆಗಡೆಯವರೆ, ಟರ್ಬೊ ಬದಲಿಸುವ ಮಾತನ್ನು ಸದ್ಯಕ್ಕೆ ಬದಿಗಿಡಿ. ಕಪ್ಪು ಹೊಗೆ, ಸುಯ್ಯೆನ್ನುವ ಸದ್ದು, ಪಿಕಪ್ ಇಲ್ಲದಿರುವುದು ಈ ಮೂರೂ ಒಟ್ಟಿಗೆ ಬಂದಾಗ ಮೊದಲು ಅನುಮಾನಿಸಬೇಕಾದದ್ದು ಟರ್ಬೊದಿಂದ ಇಂಟರ್‌ಕೂಲರಿಗೂ (ಟರ್ಬೊ ಒತ್ತಿದ ಬಿಸಿಗಾಳಿಯನ್ನು ತಣಿಸುವ ಭಾಗ) ಅಲ್ಲಿಂದ ಇಂಜಿನ್ನಿಗೂ ಹೋಗುವ ರಬ್ಬರ್ ಹೋಸುಗಳನ್ನು. ಒಳಗೆ ಬರುವ ಗಾಳಿಯನ್ನು ಏರ್ ಫಿಲ್ಟರಿನ ಪಕ್ಕದಲ್ಲಿರುವ ಏರ್‌ಫ್ಲೋ ಸೆನ್ಸರ್ ಅಳೆಯುತ್ತದೆ, ಆ ಅಳತೆಯನ್ನು ನಂಬಿ ಇಸಿಯು ಡೀಸೆಲ್ ಬಿಡುತ್ತದೆ. ಆದರೆ ಅಳೆದಾದ ಮೇಲೆ ಗಾಳಿಯು ಹೋಸಿನ ಸೀಳಿನಿಂದ ಹೊರಗೆ ಹೋದರೆ ಸಿಲಿಂಡರಿನಲ್ಲಿ ಇರುವ ಗಾಳಿಗೆ ಡೀಸೆಲ್ ಹೆಚ್ಚಾಗಿ, ಪೂರ್ತಿ ಉರಿಯದೆ ಕಪ್ಪು ಹೊಗೆಯಾಗಿ ಬರುತ್ತದೆ. ಟರ್ಬೊದ ಸೀಲ್ ಹೋಗಿದ್ದರೆ ಸುಡುವುದು ಇಂಜಿನ್ ಆಯಿಲ್. ಆಗ ಹೊಗೆ ನೀಲಿಯಾಗಿರುತ್ತದೆ, ಡಿಪ್‌ಸ್ಟಿಕ್ಕಿನಲ್ಲಿ ಮಟ್ಟವೂ ಇಳಿಯುತ್ತಾ ಹೋಗುತ್ತದೆ.

ಕಾರಿನ ಸೆನ್ಸರುಗಳ ಅಳತೆ ಓದುವ, ಮೊಬೈಲಿಗೆ ಜೋಡಿಸುವ ಒಬಿಡಿ ಸ್ಕ್ಯಾನರ್ ಒಂದಿದ್ದರೆ ಪರೀಕ್ಷೆ ಸುಲಭ. ಇಂಜಿನ್ ಚಾಲೂ ಮಾಡದೆ ಕೀ ಆನ್ ಮಾಡಿ ಮ್ಯಾನಿಫೋಲ್ಡ್ (ಸಿಲಿಂಡರುಗಳಿಗೆ ಗಾಳಿ ಹಂಚುವ ಕೊಳವೆ) ಒತ್ತಡವನ್ನು ಓದಿರಿ. ಶಿರಸಿ ಸಮುದ್ರಮಟ್ಟದಿಂದ ಸುಮಾರು 590 ಮೀಟರ್ ಎತ್ತರದಲ್ಲಿರುವುದರಿಂದ ಅಲ್ಲಿ 94-95 ಕಿಲೊಪ್ಯಾಸ್ಕಲ್ ತೋರಿಸಬೇಕು, ನಮ್ಮ ಕುಮಟಾದಲ್ಲಿ 101ರ ಆಸುಪಾಸು. ಇದು ಸರಿಯಿದ್ದರೆ ಸೆನ್ಸರ್ ಸುಳ್ಳು ಹೇಳುತ್ತಿಲ್ಲ ಎಂದಾಯಿತು. ಬಳಿಕ ಏರಿನಲ್ಲಿ ಮೂರನೇ ಗಿಯರಿನಲ್ಲಿ ಪೂರ್ತಿ ಆಕ್ಸಿಲರೇಟರ್ ಕೊಟ್ಟಾಗ ಆ ಅಂಕಿ ಎಲ್ಲಿಯವರೆಗೆ ಏರುತ್ತದೆ ಎಂಬುದನ್ನು ಪಕ್ಕದಲ್ಲಿ ಕುಳಿತವರು ಬರೆದುಕೊಳ್ಳಲಿ. ಈ ಗಾತ್ರದ ಹೆಚ್ಚಿನ ಡೀಸೆಲ್‌ಗಳಲ್ಲಿ ಅದು 200ರ ಹತ್ತಿರಕ್ಕೆ ಅಥವಾ ಅದಕ್ಕೂ ಮೇಲಕ್ಕೆ ಹೋಗುತ್ತದೆ. 140-150ಕ್ಕೆ ನಿಂತುಬಿಟ್ಟರೆ ಗಾಳಿ ಎಲ್ಲೋ ಸೋರುತ್ತಿದೆ, ಇಲ್ಲವೇ ಟರ್ಬೊವನ್ನು ನಿಯಂತ್ರಿಸುವ ಆಕ್ಚುಯೇಟರ್ ಕೆಲಸ ಮಾಡುತ್ತಿಲ್ಲ.

ಹೋಸುಗಳನ್ನು ಮೇಲಿನಿಂದ ನೋಡಿದರೆ ಸಾಲದು. ಸೀಳು ಸಾಮಾನ್ಯವಾಗಿ ಕ್ಲಾಂಪಿನ ಅಂಚಿನಲ್ಲಿ, ಅದೂ ಕೆಳಮೈಯಲ್ಲಿ ಆಗಿರುತ್ತದೆ. ಇಂಜಿನ್ ನಿಂತಾಗ ಅದರ ಬಾಯಿ ಮುಚ್ಚಿಕೊಂಡು, ಒತ್ತಡ ಏರಿದಾಗ ಮಾತ್ರ ತೆರೆದುಕೊಳ್ಳುತ್ತದೆ. ಹೊರಮೈಯಲ್ಲಿ ಆಯಿಲ್ ಜಿಡ್ಡಿಗೆ ಧೂಳು ಹತ್ತಿದ್ದರೆ ಅದೇ ಸುಳಿವು. ನಿಮ್ಮ ಕಡೆ ಕಾರನ್ನು ಅಡಿಕೆ ದಾಸ್ತಾನಿನ ಪಕ್ಕ ನಿಲ್ಲಿಸುವ ಮನೆಗಳಲ್ಲಿ ಆಕ್ಚುಯೇಟರಿಗೆ ಹೋಗುವ ಬೆರಳಿಗಿಂತ ತೆಳ್ಳನೆಯ ವ್ಯಾಕ್ಯೂಮ್ ಪೈಪನ್ನು ಇಲಿ ಕಡಿದಿರುವುದನ್ನು ಎಷ್ಟೋ ಸಲ ನೋಡಿದ್ದೇನೆ. ಆ ಪೈಪಿನ ಬೆಲೆ ತೀರಾ ಕಡಿಮೆ, ಅದು ತುಂಡಾದಾಗ ಕಾಣುವ ಲಕ್ಷಣ ಮಾತ್ರ ಟರ್ಬೊ ಸತ್ತಂತೆಯೇ.

ಕಣ್ಣಿಗೆ ಏನೂ ಕಾಣದಿದ್ದರೆ ಸಾಬೂನು ನೀರಿನ ಪರೀಕ್ಷೆ ಮಾಡಿ. ಏರ್ ಫಿಲ್ಟರಿನಿಂದ ಟರ್ಬೊಗೆ ಬರುವ ಪೈಪನ್ನು ಕಳಚಿ, ಪಿವಿಸಿ ಎಂಡ್ ಕ್ಯಾಪಿಗೆ ಟ್ಯೂಬ್‌ಲೆಸ್ ವಾಲ್ವ್ ಕೂರಿಸಿ ಮಾಡಿಕೊಂಡ ಮುಚ್ಚಳವನ್ನು ಟರ್ಬೊದ ಬಾಯಿಗೆ ಹೋಸಿನ ತುಂಡು ಮತ್ತು ಕ್ಲಾಂಪಿನಿಂದ ಬಿಗಿಯಿರಿ. ಗೇಜ್ ಇರುವ ಪಂಪಿನಿಂದ ನಿಧಾನವಾಗಿ 10 ಪಿಎಸ್‌ಐವರೆಗೆ ಗಾಳಿ ತುಂಬಿ ಪ್ರತಿಯೊಂದು ಜೋಡಣೆಗೂ ಸಾಬೂನು ನೀರು ಸಿಂಪಡಿಸಿದರೆ ಸೋರುವ ಜಾಗದಲ್ಲಿ ನೊರೆ ಏಳುತ್ತದೆ. ಮುಚ್ಚಳ ಹಾರಿ ಬರುವ ಸಂಭವವಿರುವುದರಿಂದ ಅದರ ನೇರಕ್ಕೆ ಮುಖ ಇಡಬೇಡಿ.

ಪೈಪ್ ಹೇಗೂ ಕಳಚಿರುವಾಗ, ಇಂಜಿನ್ ತಣ್ಣಗಿದ್ದಾಗಲೇ, ಟರ್ಬೊದ ಶಾಫ್ಟನ್ನೂ ಬೆರಳಿನಲ್ಲಿ ಆಡಿಸಿ ನೋಡಿರಿ. ಅಕ್ಕಪಕ್ಕಕ್ಕೆ ಸ್ವಲ್ಪ ಆಡುವುದು ಸಹಜ, ಏಕೆಂದರೆ ಶಾಫ್ಟಿಗೂ ಬೇರಿಂಗಿಗೂ ನಡುವೆ ಆಯಿಲ್ ನಿಲ್ಲಬೇಕಾದ ಜಾಗ ಅದು. ಒಳಕ್ಕೂ ಹೊರಕ್ಕೂ ಎಳೆದಾಗ ಆಟ ಕೈಗೆ ಸಿಗಬಾರದು, ರೆಕ್ಕೆಗಳು ಗೋಡೆಗೆ ತಾಗಿದ ಗೀರು ಇರಬಾರದು. ಪೈಪಿನೊಳಗೆ ತೆಳ್ಳನೆಯ ಆಯಿಲ್ ಪಸೆ ಇದ್ದರೆ ಗಾಬರಿ ಬೇಡ. ಇಂಜಿನ್ನಿನ ಬ್ರೀದರ್ ಪೈಪಿನಿಂದ ಅಷ್ಟು ಬಂದೇ ಬರುತ್ತದೆ.

ನಾಯ್ಕ, ಕಾರವಾರ

ಗೌಡರು ಹೇಳಿದ ಕ್ರಮ ಸರಿಯಾಗಿದೆ. ಆಯಿಲ್ ವಿಷಯವನ್ನು ನಾನು ಸೇರಿಸುತ್ತೇನೆ, ಏಕೆಂದರೆ ಟರ್ಬೊದ ಆಯುಷ್ಯ ನಿಂತಿರುವುದು ಅದರ ಮೇಲೆ. ಸಣ್ಣ ಕಾರಿನ ಟರ್ಬೊ ಪೂರ್ಣ ವೇಗದಲ್ಲಿ ನಿಮಿಷಕ್ಕೆ ಒಂದೂವರೆಯಿಂದ ಎರಡು ಲಕ್ಷ ಸುತ್ತು ತಿರುಗುತ್ತದೆ; ಆ ವೇಗದಲ್ಲಿ ಶಾಫ್ಟನ್ನು ಹೊತ್ತಿರುವುದು ಕೂದಲಿಗಿಂತ ತೆಳುವಾದ ಆಯಿಲ್ ಪದರವೊಂದೇ. ಘಟ್ಟ ಹತ್ತಿ ಮೇಲೆ ಬಂದ ಕೂಡಲೇ ಚಹಾ ಅಂಗಡಿಯೆದುರು ಕೀ ಆಫ್ ಮಾಡಿದರೆ ಆಯಿಲ್ ಹರಿವು ನಿಂತು, ಟರ್ಬೈನಿನ ಬಿಸಿಗೆ ಬೇರಿಂಗಿನಲ್ಲಿ ಉಳಿದ ಆಯಿಲ್ ಸುಟ್ಟು ಕರಿಕಟ್ಟುತ್ತದೆ. ಒಂದು ನಿಮಿಷ ಐಡಲ್‌ನಲ್ಲಿ ಬಿಟ್ಟು ಆಫ್ ಮಾಡಿರಿ. ಬೆಳಿಗ್ಗೆ ಚಾಲೂ ಮಾಡಿದ ತಕ್ಷಣ ರೇಸ್ ಮಾಡುವುದೂ ಅಷ್ಟೇ ಕೆಟ್ಟದ್ದು. ಕಂಪನಿಯ ಪುಸ್ತಕದಲ್ಲಿ 10,000 ಕಿಲೋಮೀಟರ್ ಎಂದು ಬರೆದಿದ್ದರೂ ಘಟ್ಟದಲ್ಲೇ ಹೆಚ್ಚು ಓಡುವ ಕಾರಿಗೆ 7,000ದ ಒಳಗೆ ಆಯಿಲ್ ಬದಲಿಸುವುದು ಒಳ್ಳೆಯದೆಂಬುದು ನನ್ನ ಅಭಿಪ್ರಾಯ. ಗ್ರೇಡ್ ಮಾತ್ರ ಪುಸ್ತಕದಲ್ಲಿ ಹೇಳಿದ್ದೇ ಇರಲಿ.

ಮನೆಯಲ್ಲಿ ಬದಲಿಸುವಾಗ ನಮ್ಮ ಕರಾವಳಿಯಲ್ಲಿ ನಡೆಯುವ ಒಂದು ಅಪಾಯದ ಅಭ್ಯಾಸವನ್ನು ದಯವಿಟ್ಟು ಮಾಡಬೇಡಿ. ಜಾಕ್ ಏರಿಸಿ, ಅಂಗಳದಲ್ಲಿ ಬಿದ್ದಿರುವ ಚಿರೆಕಲ್ಲನ್ನು ಆಸರೆಗಿಟ್ಟು ಕಾರಿನಡಿಗೆ ನುಗ್ಗುತ್ತಾರೆ. ಚಿರೆಕಲ್ಲು ಗೋಡೆಯಲ್ಲಿ ಗಟ್ಟಿ, ಆದರೆ ಕಬ್ಬಿಣದ ಅಂಚಿನ ಭಾರ ಒಂದೇ ಜಾಗದಲ್ಲಿ ಬಿದ್ದರೆ ಸೂಚನೆಯಿಲ್ಲದೆ ಒಡೆಯುತ್ತದೆ. ಆಕ್ಸೆಲ್ ಸ್ಟ್ಯಾಂಡ್ ಒಂದು ಜೊತೆ ಕೊಳ್ಳಿರಿ, ಹಿಂದಿನ ಚಕ್ರಕ್ಕೆ ತಡೆ ಕೊಡಿ. ಇಂಜಿನ್ ಹದವಾಗಿ ಬಿಸಿಯಿದ್ದಾಗ ಆಯಿಲ್ ಇಳಿಸಿ, ಡ್ರೈನ್ ಪ್ಲಗ್ಗಿನ ವಾಷರನ್ನು ಪ್ರತಿಸಲ ಹೊಸದು ಹಾಕಿ, ಹೊಸ ಫಿಲ್ಟರಿನ ರಬ್ಬರಿಗೆ ಆಯಿಲ್ ಸವರಿ ಕೂರಿಸಿದರೆ ಉಳಿದದ್ದು ಕಷ್ಟವಲ್ಲ. ಇಳಿಸಿದ ಹಳೆಯ ಆಯಿಲನ್ನು ತೋಟದ ಕಾಲುವೆಗೆ ಚೆಲ್ಲದೆ ಕ್ಯಾನಿನಲ್ಲಿ ತುಂಬಿ, ಹಳೆಯ ಆಯಿಲ್ ಸಂಗ್ರಹಿಸುವ ಗ್ಯಾರೇಜಿಗೆ ಕೊಡಿ. ಶಿರಸಿಯ ಹಳ್ಳಗಳಲ್ಲಿ ಹರಿದದ್ದು ಅಘನಾಶಿನಿಯನ್ನು ಸೇರಿ, ಕೊನೆಗೆ ಅಳಿವೆಯಲ್ಲಿ ಬಳಚು ಹೆಕ್ಕಿ ಬದುಕುವವರ ಕಾಲಬುಡಕ್ಕೇ ಬರುತ್ತದೆ.

ಇಂಟರ್‌ಕೂಲರಿನ ರೆಕ್ಕೆಗಳನ್ನು ಪ್ರೆಶರ್ ವಾಷರಿನಿಂದ ತೊಳೆಯಬೇಡಿ, ಮಡಚಿಹೋಗುತ್ತವೆ. ತೋಟಕ್ಕೆ ನೀರು ಬಿಡುವ ಪೈಪಿನ ಸಾಧಾರಣ ಹರಿವು ಸಾಕು. ಒಳಭಾಗವನ್ನು ತೊಳೆದರೆ ಪೂರ್ತಿ ಒಣಗಿಸದೆ ಕೂರಿಸಬಾರದು.

ಹೆಗಡೆ, ಶಿರಸಿ

ಇಬ್ಬರಿಗೂ ಹೃತ್ಪೂರ್ವಕ ಧನ್ಯವಾದಗಳು. ಒತ್ತಡ 145ರ ಮೇಲೆ ಏರುತ್ತಿರಲಿಲ್ಲ. ಇಂಟರ್‌ಕೂಲರಿನಿಂದ ಇಂಜಿನ್ನಿಗೆ ಹೋಗುವ ಹೋಸಿನ ಕೆಳಮೈಯಲ್ಲಿ, ಗೌಡರು ಹೇಳಿದಂತೆ ಕ್ಲಾಂಪಿನ ಅಂಚಿಗೇ, ಹೆಬ್ಬೆರಳುದ್ದದ ಸೀಳು ಸಿಕ್ಕಿತು. ಶಾಫ್ಟ್ ಚೆನ್ನಾಗಿದೆ. ಕಂಪನಿಯ ಹೋಸಿನ ಬದಲು ಸಿಲಿಕೋನ್ ಹೋಸ್ ಹಾಕಬಹುದೇ? ರೀಮ್ಯಾಪ್ ಪ್ರಶ್ನೆಯೂ ಉಳಿದಿದೆ.

ಭಟ್ಟ, ಯಲ್ಲಾಪುರ

ಸಿಲಿಕೋನ್ ಹಾಕಬಹುದು, ಆದರೆ ಒಳಪದರ ಫ್ಲೋರೋಸಿಲಿಕೋನ್ ಇರುವುದನ್ನೇ ಕೇಳಿ ತರಿಸಿರಿ. ಸಾದಾ ಸಿಲಿಕೋನ್ ಆಯಿಲ್ ಪಸೆಯನ್ನು ಹೀರಿಕೊಂಡು ಕ್ರಮೇಣ ಮೆತ್ತಗಾಗುತ್ತದೆ. ಅದು ಸಿಗದಿದ್ದರೆ ಕಂಪನಿಯ ಹೋಸೇ ಮೇಲು. ಕರಾವಳಿಗೆ ಹೋಗಿಬರುವ ಕಾರಾದ್ದರಿಂದ ಕ್ಲಾಂಪ್ ಸ್ಟೇನ್‌ಲೆಸ್ ಸ್ಟೀಲಿನದಾಗಿರಲಿ.

ಓಪನ್ ಫಿಲ್ಟರ್ ನಿಮಗೆ ಬೇಡ ಎಂದು ಸ್ಪಷ್ಟವಾಗಿ ಹೇಳುತ್ತೇನೆ. ಕಂಪನಿಯ ಡಬ್ಬಿ ಮುಂಭಾಗದ ತಣ್ಣನೆಯ ಗಾಳಿಯನ್ನು ತರುತ್ತದೆ, ಓಪನ್ ಫಿಲ್ಟರ್ ಬಾನೆಟ್ಟಿನೊಳಗಿನ ಬಿಸಿಗಾಳಿಯನ್ನು ಎಳೆಯುತ್ತದೆ. ಬಿಸಿಗಾಳಿಯಲ್ಲಿ ಆಮ್ಲಜನಕ ಕಡಿಮೆ, ಹಾಗಾಗಿ ಸದ್ದು ಹೆಚ್ಚಿದರೂ ಶಕ್ತಿ ಹೆಚ್ಚುವುದಿಲ್ಲ. ಆಷಾಢದ ಮಳೆಯಲ್ಲಿ ರಸ್ತೆಯ ಮೇಲೆ ನೀರು ಹರಿಯುವ ನಮ್ಮ ಜಿಲ್ಲೆಯಲ್ಲಿ ಅದು ನೀರನ್ನೂ ಎಳೆದುಕೊಂಡೀತು. ಆಯಿಲ್ ಸವರುವ ಬಟ್ಟೆಯ ಫಿಲ್ಟರಾದರೆ ಆಯಿಲ್ ಹೆಚ್ಚಾದಾಗ ಏರ್‌ಫ್ಲೋ ಸೆನ್ಸರಿಗೆ ಅಂಟಿ ಅಳತೆಯನ್ನೇ ಕೆಡಿಸುತ್ತದೆ.

ರೀಮ್ಯಾಪ್‌ನಿಂದ ಟರ್ಬೊ ಡೀಸೆಲ್ಲಿನಲ್ಲಿ ಟಾರ್ಕ್ ನಿಜವಾಗಿಯೂ ಹೆಚ್ಚುತ್ತದೆ, ಇದರಲ್ಲಿ ಅನುಮಾನವಿಲ್ಲ. ಆದರೆ ಹೆಚ್ಚಿದ ಟಾರ್ಕನ್ನು ಮೊದಲು ಹೊರಬೇಕಾದದ್ದು ಕ್ಲಚ್. ಅರಬೈಲ್ ಘಟ್ಟದಲ್ಲಿ ಲಾರಿಗಳ ಹಿಂದೆ ನಿಂತು ನಿಂತು ಹತ್ತುವಾಗ ಈಗಾಗಲೇ ಅರ್ಧ ಸವೆದ ಪ್ಲೇಟ್ ಜಾರಲು ಶುರುವಾದರೆ, ಗಳಿಸಿದ ಶಕ್ತಿ ಚಕ್ರಕ್ಕೆ ತಲುಪುವುದೇ ಇಲ್ಲ. ಎಗ್ಸಾಸ್ಟಿನ ಬಿಸಿ ಏರುತ್ತದೆ, ಟರ್ಬೊದ ವೇಗವೂ ಏರುತ್ತದೆ. ಮಾಡಿಸುವುದೇ ಆದರೆ ಒತ್ತಡವನ್ನು ಅಲ್ಪಸ್ವಲ್ಪವೇ ಏರಿಸುವ, ಡೈನೊ (ಶಕ್ತಿ ಅಳೆಯುವ ಯಂತ್ರ) ಮೇಲೆ ಪರೀಕ್ಷಿಸಿ ಲಿಖಿತ ವರದಿ ಕೊಡುವ, ಇಸಿಯುವಿನ ಹಳೆಯ ಪ್ರೋಗ್ರಾಂ ಫೈಲನ್ನು ನಿಮ್ಮ ಕೈಗೆ ಒಪ್ಪಿಸುವ ಟ್ಯೂನರನ್ನೇ ಹುಡುಕಿರಿ. ಇಜಿಆರ್ (ಎಗ್ಸಾಸ್ಟ್ ಅನಿಲದ ಒಂದು ಪಾಲನ್ನು ಇಂಜಿನ್ನಿಗೆ ಮರಳಿಸುವ ವ್ಯವಸ್ಥೆ) ಮುಚ್ಚಿಸುವ ಮಾತು ಬಂದರೆ ಒಪ್ಪಬೇಡಿ, ಅದು ಹೊಗೆ ನಿಯಂತ್ರಣದ ಭಾಗ.

ಕಾನೂನನ್ನೂ ಗಮನಿಸಿ. ಮೋಟಾರು ವಾಹನ ಕಾಯ್ದೆ, 1988ರ 52ನೇ ಕಲಂ ಪ್ರಕಾರ, ಆರ್‌ಸಿಯಲ್ಲಿನ ವಿವರಗಳು ತಯಾರಕರು ನಮೂದಿಸಿದ್ದಕ್ಕಿಂತ ಬೇರೆಯಾಗುವಂತೆ ವಾಹನವನ್ನು ಮಾರ್ಪಡಿಸುವಂತಿಲ್ಲ. 2019ರ ತಿದ್ದುಪಡಿಯಲ್ಲಿ ಹೊಸ ರೂಪ ಪಡೆದ 182ಎ ಕಲಂ ಅನುಮತಿಯಿಲ್ಲದೆ ಭಾಗಗಳನ್ನು ಅಳವಡಿಸಿ ಮಾರ್ಪಡಿಸಿದ ಮಾಲೀಕನಿಗೆ ಪ್ರತಿ ಮಾರ್ಪಾಡಿಗೂ 5,000 ರೂಪಾಯಿ ದಂಡ ಅಥವಾ ಆರು ತಿಂಗಳವರೆಗಿನ ಸೆರೆವಾಸ, ಇಲ್ಲವೇ ಎರಡನ್ನೂ ವಿಧಿಸುತ್ತದೆ. ವಿಮಾ ಕಂಪನಿಗೆ ತಿಳಿಸದೆ ಮಾಡಿದ ಬದಲಾವಣೆ ಕ್ಲೇಮಿನ ವೇಳೆ ತಕರಾರಿಗೆ ದಾರಿ ಮಾಡುತ್ತದೆ. ನನ್ನ ಸಲಹೆಯೆಂದರೆ, ಹೊಸ ಹೋಸು, ಹೊಸ ಏರ್ ಮತ್ತು ಡೀಸೆಲ್ ಫಿಲ್ಟರ್ ಹಾಕಿಸಿ ಒಂದು ಮಳೆಗಾಲ ಓಡಿಸಿರಿ. ಕಂಪನಿ ಕೊಟ್ಟ ಶಕ್ತಿ ಪೂರ್ತಿ ಮರಳಿದ ಮೇಲೂ ಸಾಲದೆನಿಸಿದರೆ ಆಗ ರೀಮ್ಯಾಪ್ ಯೋಚಿಸಬಹುದು.

ಗೌಡ, ಕುಮಟಾ

ಮುಂದೆ ಈ ಪ್ರಶ್ನೆಯನ್ನು ಓದುವವರಲ್ಲಿ ಯಾರ ಟರ್ಬೊದ ಸೀಲ್ ನಿಜವಾಗಿಯೂ ಹೋಗಿದೆಯೋ ಅವರಿಗಾಗಿ ಒಂದು ಮಾತು. ಹೆಚ್ಚು ಆಯಿಲ್ ಒಳಸೇರಿದರೆ ಡೀಸೆಲ್ ಇಂಜಿನ್ ಅದನ್ನೇ ಇಂಧನ ಮಾಡಿಕೊಂಡು ತಾನಾಗಿ ರೇಸ್ ಆಗತೊಡಗುತ್ತದೆ. ಆಗ ಕೀ ಆಫ್ ಮಾಡಿದರೂ ನಿಲ್ಲದಿರಬಹುದು. ಮ್ಯಾನುಯಲ್ ಗಿಯರಿನ ಕಾರಾದರೆ ಕಾರನ್ನು ನಿಲ್ಲಿಸಿ, ಬ್ರೇಕನ್ನು ಬಲವಾಗಿ ಒತ್ತಿಹಿಡಿದು, ಅತಿ ಮೇಲಿನ ಗಿಯರಿಗೆ ಹಾಕಿ ಕ್ಲಚ್ಚನ್ನು ಒಮ್ಮೆಲೇ ಬಿಟ್ಟು ಇಂಜಿನ್ ನಿಲ್ಲುವಂತೆ ಮಾಡಬೇಕು. ಅದು ಸಾಧ್ಯವಾಗದಿದ್ದರೆ ಬಾನೆಟ್ ತೆರೆಯಲು ಹೋಗದೆ ಎಲ್ಲರೂ ಕಾರಿನಿಂದ ದೂರ ಸರಿಯಬೇಕು.