ವರ್ಷಗಟ್ಟಲೆ ವಸಡಿನಲ್ಲಿ ರಕ್ತ: ಕ್ಲೀನಿಂಗ್ ಮಾಡಿಸಿದರೆ ಹಲ್ಲು ಸಡಿಲವಾಗುತ್ತದೆಯೇ?

ಪ್ರಶ್ನೆ: ಅಮ್ಮನಿಗೆ 52 ವರ್ಷ. ನಾಲ್ಕೈದು ವರ್ಷಗಳಿಂದ ಹಲ್ಲುಜ್ಜುವಾಗ ರಕ್ತ ಬರುತ್ತದೆ, ನೋವಿಲ್ಲ. ಈಗ ಕೆಳಗಿನ ಮುಂದಿನ ಹಲ್ಲುಗಳ ನಡುವೆ ಸಂದು ಬಿಟ್ಟಿದೆ, ಒಂದು ಸ್ವಲ್ಪ ಅಲ್ಲಾಡುತ್ತದೆ. ಶುಗರ್, ಬಿಪಿ ಎರಡಕ್ಕೂ ಮಾತ್ರೆ ಇದೆ. ಕ್ಲೀನಿಂಗ್ ಮಾಡಿಸಿದರೆ ಉಳಿದ ಹಲ್ಲೂ ಸಡಿಲವಾಗುತ್ತವೆ ಎಂದು ನೆಂಟರು ಹೆದರಿಸುತ್ತಿದ್ದಾರೆ. ತಿಳಿದವರು ಹೇಳಿ.

ವಸಡು ತಜ್ಞೆ: ದಯವಿಟ್ಟು ಮುಂದೂಡಬೇಡಿ. ನೋವಿಲ್ಲ ಅನ್ನುವ ಕಾರಣಕ್ಕೇ ಈ ಕಾಯಿಲೆ ಇಷ್ಟು ವರ್ಷ ಬೆಳೆಯುತ್ತದೆ. ವಸಡಿನಂಚಿನ ಪಾಚಿಯನ್ನು (ಬ್ಯಾಕ್ಟೀರಿಯಾ ತುಂಬಿದ ಅಂಟು ಪದರ) ತೆಗೆಯದಿದ್ದರೆ ಎರಡು ಮೂರು ದಿನಗಳಲ್ಲೇ ಎಂಜಲಿನ ಕ್ಯಾಲ್ಸಿಯಂ ಸೇರಿ ಗಟ್ಟಿ ಗಾರೆಯಾಗತೊಡಗುತ್ತದೆ. ಊತ ವಸಡಿನಲ್ಲಷ್ಟೇ ಇರುವಾಗ ಪೂರ್ತಿ ವಾಸಿಯಾಗುತ್ತದೆ. ಹಾಗೇ ಬಿಟ್ಟರೆ ವಸಡು ಬೇರಿನಿಂದ ಬಿಟ್ಟುಕೊಂಡು ಪಾಕೆಟ್ ಆಗುತ್ತದೆ, ಒಳಗಿನ ಮೂಳೆ ಕರಗುತ್ತದೆ. ಕರಗಿಸುವುದು ಬರೀ ಬ್ಯಾಕ್ಟೀರಿಯಾ ಅಲ್ಲ, ಅವುಗಳ ವಿರುದ್ಧ ದೇಹವೇ ನಿಲ್ಲಿಸದೆ ನಡೆಸುವ ಉರಿಯೂತ. ಹೀಗೆ ಹೋದ ಮೂಳೆ ಬಹುಮಟ್ಟಿಗೆ ಹಿಂದಿರುಗುವುದಿಲ್ಲ. ಚಿಕಿತ್ಸೆಯ ಗುರಿ ಉಳಿದಿರುವುದನ್ನು ಕಾಪಾಡುವುದು.

ನೆಂಟರ ಭಯಕ್ಕೂ ಕಾರಣವಿದೆ. ಕೆಳಗಿನ ಮುಂದಿನ ಹಲ್ಲುಗಳ ಹಿಂಬದಿಯಲ್ಲೇ ಎಂಜಲಿನ ನಾಳಗಳು ತೆರೆದುಕೊಳ್ಳುವುದರಿಂದ ಅಲ್ಲಿ ಗಾರೆ ದಪ್ಪಗೆ ಕಟ್ಟಿ, ನಾಲ್ಕಾರು ಹಲ್ಲುಗಳನ್ನು ಸಿಮೆಂಟಿನಂತೆ ಒಟ್ಟಿಗೆ ಹಿಡಿದಿರುತ್ತದೆ. ಅದನ್ನು ತೆಗೆದಾಗ ಮೊದಲೇ ಇದ್ದ ಸಡಿಲ ಹೊರಗೆ ಕಾಣುತ್ತದೆ. ಸಡಿಲ ಮಾಡಿದ್ದು ಕ್ಲೀನಿಂಗ್ ಅಲ್ಲ.

ದಂತವೈದ್ಯ: ಬರೀ "ಕ್ಲೀನಿಂಗ್ ಮಾಡಿ" ಎಂದು ಕೇಳಬೇಡಿ, ಪಾಕೆಟ್ ಅಳತೆ ಮಾಡಿಸಿ. ಮಿಲಿಮೀಟರ್ ಗುರುತಿರುವ ಸಣ್ಣ ಕಡ್ಡಿಯಿಂದ ಪ್ರತಿ ಹಲ್ಲಿನ ಸುತ್ತ ಆರು ಕಡೆ ಅಳೆಯುತ್ತಾರೆ. 1ರಿಂದ 3 ಮಿ.ಮೀ. ಇದ್ದು ರಕ್ತ ಬಾರದಿದ್ದರೆ ಸರಿ. 4 ಅಥವಾ ಹೆಚ್ಚಿದ್ದು ರಕ್ತ ಬಂದರೆ ಮೇಲ್ಮೈ ಸ್ಕೇಲಿಂಗ್ (ಹೊರಗೆ ಕಾಣುವ ಗಾರೆ ತೆಗೆಯುವುದು) ಸಾಲದು. ಮರಗಟ್ಟಿಸಿ ವಸಡಿನ ಕೆಳಗೆ ಬೇರಿನ ತನಕ ಕ್ಲೀನ್ ಮಾಡಬೇಕು, ಸಾಮಾನ್ಯವಾಗಿ ಎರಡರಿಂದ ನಾಲ್ಕು ಭೇಟಿಗಳಲ್ಲಿ. ಎಕ್ಸ್‌ರೇಯಲ್ಲಿ ಮೂಳೆಯ ಮಟ್ಟ ನೋಡಿಸಿ, ಅಳತೆಯ ಚಾರ್ಟಿನ ಪ್ರತಿ ಇಟ್ಟುಕೊಳ್ಳಿ. ಎರಡು ಮೂರು ತಿಂಗಳ ನಂತರ ಮತ್ತೆ ಅಳೆದು ಹೋಲಿಸಬೇಕಾಗುತ್ತದೆ. ಆಗಲೂ 6 ಮಿ.ಮೀ. ಮೇಲಿದ್ದರೆ ಶಸ್ತ್ರಚಿಕಿತ್ಸೆಯ ಮಾತು. ಖರ್ಚಿನ ಚಿಂತೆಯಿದ್ದರೆ ಬೆಂಗಳೂರಿನ ಸರ್ಕಾರಿ ದಂತ ಕಾಲೇಜು ಅಥವಾ ಹತ್ತಿರದ ಯಾವುದೇ ದಂತ ಕಾಲೇಜಿನ ಪೆರಿಯೊಡಾಂಟಿಕ್ಸ್ (ವಸಡು ಚಿಕಿತ್ಸೆ) ವಿಭಾಗದಲ್ಲಿ ವಿಚಾರಿಸಿ.

ದಂತ ಆರೋಗ್ಯ ಸಹಾಯಕಿ: ಫಲಿತಾಂಶ ನಿಲ್ಲುವುದು ಮನೆಯ ಆರೈಕೆಯಿಂದ. ರಕ್ತ ಬರುತ್ತದೆಂದು ಆ ಜಾಗ ಬಿಟ್ಟು ಉಜ್ಜುವುದೇ ದೊಡ್ಡ ತಪ್ಪು. ಮೃದು ಬ್ರಷ್ಷಿನ ಎಳೆಗಳನ್ನು ಹಲ್ಲು ಮತ್ತು ವಸಡು ಸೇರುವ ಅಂಚಿಗೆ 45 ಡಿಗ್ರಿ ಓರೆಯಾಗಿಟ್ಟು, ಹಗುರವಾಗಿ ಅಲ್ಲಲ್ಲೇ ಅಲುಗಿಸಬೇಕು. ಸಂದುಗಳಿಗೆ ಇಂಟರ್‌ಡೆಂಟಲ್ ಬ್ರಷ್ (ಹಲ್ಲುಗಳ ನಡುವೆ ತೂರಿಸುವ ಪುಟ್ಟ ಬ್ರಷ್) ದಿನಕ್ಕೊಮ್ಮೆ: ಒಳಗಿನ ತಂತಿ ಹಲ್ಲಿಗೆ ಉಜ್ಜಬಾರದು, ಎಳೆಗಳು ಮಾತ್ರ ತುಸು ಬಿಗಿಯಾಗಿ ತಾಗಬೇಕು. ಸಂದಿಗೆ ತಕ್ಕಂತೆ ಎರಡು ಅಳತೆಯವು ಬೇಕಾಗಬಹುದು.

ಉಪ್ಪು, ಇದ್ದಿಲ ಪುಡಿ ಬೇಡವೇ ಬೇಡ. ವಸಡು ಇಳಿದು ಹೊರಬಂದ ಬೇರಿಗೆ ಎನಾಮೆಲ್ ಕವಚವಿಲ್ಲ. ಸವೆದು ಗೀರು ಬೀಳುತ್ತದೆ, ಹುಳುಕೂ ಬೇಗ ಹಿಡಿಯುತ್ತದೆ. ಫ್ಲೋರೈಡ್ ಇರುವ ಪೇಸ್ಟ್ ಸಾಕು. ವೈದ್ಯರು ಕ್ಲೋರ್‌ಹೆಕ್ಸಿಡಿನ್ 0.2% ಮೌತ್‌ವಾಶ್ ಕೊಟ್ಟರೆ 10 ಮಿ.ಲೀ. ಒಂದು ನಿಮಿಷ ಬಾಯಿ ಮುಕ್ಕಳಿಸಿ ಉಗುಳಿ, ದಿನಕ್ಕೆರಡು ಬಾರಿ. ಪೇಸ್ಟಿನ ನೊರೆ ಅದರ ಶಕ್ತಿ ಕುಗ್ಗಿಸುವುದರಿಂದ ಅರ್ಧ ಗಂಟೆ ಅಂತರವಿರಲಿ. ಎರಡು ವಾರ ದಾಟಿಸಬೇಡಿ, ಹಲ್ಲು ಕಂದಾಗುತ್ತದೆ, ರುಚಿಯೂ ಕೆಡುತ್ತದೆ.

ವಸಡು ತಜ್ಞೆ: ಶುಗರ್ ವಿಷಯ ಬಿಟ್ಟುಹೋಗಿತ್ತು. ಸಕ್ಕರೆ ಹತೋಟಿ ತಪ್ಪಿದರೆ ಮೂಳೆ ಬೇಗ ಕರಗುತ್ತದೆ, ವಸಡಿನ ಊತ ಸಕ್ಕರೆಯನ್ನೂ ಏರಿಸುತ್ತದೆ. ಒಳ್ಳೆಯ ವಸಡು ಚಿಕಿತ್ಸೆಯಾದ ಮೂರು ತಿಂಗಳಲ್ಲಿ ಎಚ್‌ಬಿಎ1ಸಿ (ಸುಮಾರು ಮೂರು ತಿಂಗಳ ಸರಾಸರಿ ಸಕ್ಕರೆ ತೋರಿಸುವ ರಕ್ತಪರೀಕ್ಷೆ) ಸರಾಸರಿ 0.4 ಶೇಕಡಾ ಅಂಶದಷ್ಟು ಇಳಿದದ್ದು ಅಧ್ಯಯನಗಳಲ್ಲಿ ಕಂಡಿದೆ. ಬಿಪಿಗೆ ಆಮ್ಲೊಡಿಪಿನ್ ಇದ್ದರೆ ಹೇಳಿ, ಅದರಿಂದ ಕೆಲವರಿಗೆ ವಸಡು ದಪ್ಪವಾಗುತ್ತದೆ. ಮಾತ್ರೆಯನ್ನು ನೀವೇ ನಿಲ್ಲಿಸಬೇಡಿ. ಎಲೆ ಅಡಿಕೆಯ ಜೊತೆ ಹೊಗೆಸೊಪ್ಪಿನ ರೂಢಿಯಿದ್ದರೆ ಅದನ್ನೂ ಮುಚ್ಚಿಡಬೇಡಿ.

ಪ್ರಶ್ನೆ ಕೇಳಿದವರು: ಚಿಕಿತ್ಸೆಯ ನಂತರ ಸಂದು ಮುಚ್ಚುತ್ತದೆಯೇ?

ದಂತವೈದ್ಯ: ಇಲ್ಲ, ಊತ ಇಳಿದು ಇನ್ನಷ್ಟು ದೊಡ್ಡದಾಗಿ ಕಾಣಬಹುದು. ಕೆಲವು ವಾರ ತಣ್ಣೀರಿಗೆ ಜುಮ್ಮೆನ್ನುತ್ತದೆ. ಅಲ್ಲಾಡುವ ಹಲ್ಲು ಎಷ್ಟೋ ಸಲ ತಾನೇ ಬಿಗಿಯಾಗುತ್ತದೆ; ಆಗದೆ ಅಗಿಯಲು ತೊಂದರೆಯಾದರೆ ಪಕ್ಕದ ಹಲ್ಲುಗಳಿಗೆ ಸೇರಿಸಿ ಕಟ್ಟುತ್ತಾರೆ. ಆಮೇಲೆ ಮೂರು ತಿಂಗಳಿಗೊಮ್ಮೆ ತಪಾಸಣೆ ತಪ್ಪಿಸಬೇಡಿ. ಹಾಂ, ಆ ಒಂದು ಹಲ್ಲನ್ನು ಕಿತ್ತುಬಿಡೋಣ ಎಂದು ಯಾರಾದರೂ ಅಳತೆಗೆ ಮೊದಲೇ ಹೇಳಿದರೆ, ಇನ್ನೊಬ್ಬರ ಅಭಿಪ್ರಾಯ ಕೇಳಿ.