ದಿನಾ "ಇನ್ನೊಂದು ಚಿಕ್ಕ ಚೇಂಜ್" ಹೇಳುವ ಕ್ಲೈಂಟ್: ಸಂಬಂಧ ಕೆಡದ ಹಾಗೆ ಹೇಗೆ ಸಂಭಾಳಿಸುದು?

ಪ್ರಶ್ನೆ (ಉಡುಪಿ)
ಎಲ್ಲರಿಗೂ ನಮಸ್ಕಾರ. ಮಲ್ಪೆ ಕಡೆಯ ಹೋಮ್‌ಸ್ಟೇ ಒಂದಕ್ಕೆ ಏಳು ಪುಟದ ವೆಬ್‌ಸೈಟ್ ಮಾಡಿಕೊಡ್ತಾ ಇದ್ದೇನೆ, 35,000 ರೂಪಾಯಿಗೆ. ಅರ್ಧ ಅಡ್ವಾನ್ಸ್ ಬಂದಿದೆ, ಡಿಸೈನ್ ಒಪ್ಪಿಗೆ ಆಗಿದೆ. ಆದರೂ ದಿನಾ ವಾಟ್ಸಾಪ್‌ನಲ್ಲಿ ವಾಯ್ಸ್ ಮೆಸೇಜ್: ಬಣ್ಣ ಬದಲಿಸಿ, ರೂಮ್ ಬುಕಿಂಗ್ ಸೇರಿಸಿ. ಫೋಟೋ, ದರಪಟ್ಟಿ ಮಾತ್ರ ಇನ್ನೂ ಕೊಟ್ಟಿಲ್ಲ. ಪರಿಚಯದವರ ಮೂಲಕ ಬಂದ ಕೆಲಸ, ಮುಖ ಮುರಿದು ಹೇಳ್ಲಿಕ್ಕೆ ಆಗುದಿಲ್ಲ. ಎಂತ ಮಾಡುದು?

ಉತ್ತರ 1 (ಮಂಗಳೂರು)
ಬಣ್ಣ ಬದಲಿಸುದು ತಿದ್ದುಪಡಿ, ಬುಕಿಂಗ್ ಹೊಸ ಕೆಲಸ. ಎರಡನ್ನೂ ಒಂದೇ ತಕ್ಕಡಿಗೆ ಹಾಕಬೇಡಿ. ತಿದ್ದುಪಡಿಗೆ ಎರಡು ಸುತ್ತು ಅಂತ ಈಗಲೇ ಹೇಳಿ, ಪ್ರತಿ ಸುತ್ತಿಗೂ ಒಂದೇ ಪಟ್ಟಿ ಕೇಳಿ. ಅವರ ವಾಯ್ಸ್ ಮೆಸೇಜ್ ಕೇಳಿದ ದಿನವೇ ಅದನ್ನು ಬರಹಕ್ಕೆ ಇಳಿಸಿ ಕಳಿಸಿ: "ಸರ್, ನೀವು ಹೇಳಿದ್ದು ಇಷ್ಟು: ಪುಟದ ಮೇಲ್ತುದಿಯ ಮೆನುವಿನ ಬಣ್ಣ ನೀಲಿ, ಫೋನ್ ನಂಬರ್ ಮೇಲೆ. ಇದು ಮೊದಲನೇ ಸುತ್ತಿನಲ್ಲಿ ಬರ್ತದೆ. ಬುಕಿಂಗ್ ಬೇರೆ ಕೆಲಸ, ಅದರ ಕೊಟೇಶನ್ ನಾಳೆ ಕಳಿಸ್ತೇನೆ." ಇದರಲ್ಲಿ ಮುಖ ಮುರಿಯುವಂಥದ್ದು ಏನೂ ಇಲ್ಲ.

ಬುಕಿಂಗ್ ಅಂದ್ರೆ ಬರೀ ಒಂದು ಫಾರ್ಮ್ ಅಲ್ಲ ಅಂತ ಅವರಿಗೆ ಬಿಡಿಸಿ ಹೇಳಿ. ಪೇಮೆಂಟ್ ಗೇಟ್‌ವೇಗೆ (ಸೈಟಿನಲ್ಲೇ ಆನ್‌ಲೈನ್ ಹಣ ಪಡೆಯುವ ಸೇವೆ) ಅವರ ಪ್ಯಾನ್, ಬ್ಯಾಂಕ್ ಖಾತೆಯ ಕೆವೈಸಿ ಆಗಬೇಕು, ರದ್ದತಿ ಮತ್ತು ಹಣ ವಾಪಸಿನ ನಿಯಮದ ಪುಟ ಬೇಕು. ಬೇರೆ ಬುಕಿಂಗ್ ಸೈಟುಗಳಲ್ಲೂ ರೂಮ್ ಹಾಕಿದ್ರೆ ಕ್ಯಾಲೆಂಡರ್ ಹೊಂದಿಸಬೇಕು. ಐಕ್ಯಾಲ್ (ಸೈಟುಗಳ ನಡುವೆ ಕ್ಯಾಲೆಂಡರ್ ಹಂಚುವ ಲಿಂಕ್) ಮೂಲಕ ಹೊಂದಿಸಿದ್ರೆ ತಕ್ಷಣ ಅಪ್‌ಡೇಟ್ ಆಗುದಿಲ್ಲ, ಆ ನಡುವೆ ಒಂದೇ ರೂಮು ಇಬ್ಬರಿಗೆ ಬುಕ್ ಆಗುವ ಅಪಾಯ ಉಂಟು. ನಾಲ್ಕೈದು ರೂಮಿನ ಜಾಗಕ್ಕೆ ಸದ್ಯ ವಾಟ್ಸಾಪ್ ಬಟನ್ ಸಾಕು.

ಉತ್ತರ 2 (ಮಣಿಪಾಲ)
ನನ್ನ ಪ್ರಕಾರ ಬದಲಾವಣೆಗಿಂತ ದೊಡ್ಡ ತೊಂದರೆ ಫೋಟೋ, ಬರಹ ಬಾರದೇ ಇರುದು. "ಫೋಟೋ ಕೊಡಿ" ಅಂದ್ರೆ ಯಾರೂ ಕೊಡುದಿಲ್ಲ ಮಾರಾಯ್ರೆ. "ಪ್ರತಿ ರೂಮಿಗೆ ಮೂರು ಅಡ್ಡ ಫೋಟೋ, ಬಾತ್‌ರೂಮಿನದ್ದು ಒಂದು, ಶುಕ್ರವಾರದೊಳಗೆ" ಅಂತ ಕೇಳಿ. ಡ್ರೈವ್‌ನಲ್ಲಿ ಪುಟಕ್ಕೊಂದು ಫೋಲ್ಡರ್ ಮಾಡಿಕೊಡಿ. ವಾಟ್ಸಾಪ್‌ನಲ್ಲೇ ಕಳಿಸುದಾದ್ರೆ ಡಾಕ್ಯುಮೆಂಟ್ ಆಗಿ ಕಳಿಸಲಿ, ಇಲ್ಲದಿದ್ದರೆ ಅದು ಫೋಟೋವನ್ನು ಕುಗ್ಗಿಸ್ತದೆ, ದೊಡ್ಡ ಬ್ಯಾನರಿನಲ್ಲಿ ಮಸುಕಾಗಿ ಕಾಣ್ತದೆ. ಆಟಿ ತಿಂಗಳ (ಜುಲೈ-ಆಗಸ್ಟ್) ಮಳೆಯಲ್ಲಿ ರೂಮಿನ ಒಳಗಿನದ್ದು ಮುಗಿಸಿ, ಕಡಲ ಬದಿಯದ್ದು ಚೌತಿ ಕಳೆದು ಬಿಸಿಲು ಬಂದ ಮೇಲೆ ತೆಗೆಯಲಿ.

ಕನ್ನಡ ಪುಟ ಉಂಟಾದ್ರೆ ಒಂದು ಜಾಗ್ರತೆ. ಡಿಟಿಪಿ ಅಂಗಡಿಯಲ್ಲಿ ಹಳೆಯ ನುಡಿ ಫಾಂಟ್‌ನಲ್ಲಿ ಟೈಪ್ ಮಾಡಿಸಿದ ಬರಹ ವೆಬ್‌ಗೆ ಹಾಕಿದ್ರೆ ಅರ್ಥವಿಲ್ಲದ ಅಕ್ಷರಗಳಾಗ್ತವೆ. ಯೂನಿಕೋಡ್‌ಗೆ (ಎಲ್ಲ ಫೋನ್, ಕಂಪ್ಯೂಟರಿನಲ್ಲೂ ಸರಿ ಕಾಣುವ ಅಕ್ಷರ ಪದ್ಧತಿ) ಪರಿವರ್ತಿಸಿ, ಒತ್ತಕ್ಷರ, ಅರ್ಕಾವತ್ತು ಸರಿ ಬಂದಿದೆಯಾ ನೋಡಿ, ಅವರಿಂದಲೇ ಒಮ್ಮೆ ಓದಿಸಿ.

ಇನ್ನು ಹಣ. ಉಳಿದ ಅರ್ಧವನ್ನು ಪೂರ್ತಿ "ಲಾಂಚ್ ಆದ ಮೇಲೆ" ಅಂತ ಇಡಬೇಡಿ, ಅವರ ಫೋಟೋ ತಡವಾದಷ್ಟೂ ನಿಮ್ಮ ಹಣ ತಡ. ಮುಂದಿನ ಕೆಲಸಕ್ಕೆ 40-30-30 ಇಡಿ: ಶುರುವಿಗೆ, ಡಿಸೈನ್ ಒಪ್ಪಿಗೆಗೆ, ಲಾಂಚ್‌ಗೆ ಮುಂಚೆ.

ಪ್ರಶ್ನೆ ಕೇಳಿದವರು
ತುಂಬ ಉಪಕಾರ ಆಯ್ತು. ಆದರೆ ಇದನ್ನೆಲ್ಲ ಬರಹದಲ್ಲಿ ಇಡ್ಲಿಕ್ಕೆ ಅಗ್ರಿಮೆಂಟ್ ಮಾಡುವ ಅಂದ್ರೆ "ನಮ್ಮ ಮೇಲೆ ನಂಬಿಕೆ ಇಲ್ವಾ" ಅಂತ ಬೇಜಾರು ಮಾಡಿಕೊಳ್ಳುದಿಲ್ವಾ?

ಉತ್ತರ 3 (ಮಂಗಳೂರು)
ಅಗ್ರಿಮೆಂಟ್ ಅನ್ನಬೇಡಿ, ಕೊಟೇಶನ್ ಅನ್ನಿ. ಮನೆ ಬಾಗಿಲು ಮಾಡಿಸಿದವರಿಗೆ ಬಡಗಿಯ ಕೊಟೇಶನ್ ಗೊತ್ತಿರ್ತದೆ. ಒಂದು ಪುಟ ಸಾಕು: ಎಷ್ಟು ಪುಟ, ಎಷ್ಟು ಸುತ್ತು, ಅವರು ಕೊಡಬೇಕಾದದ್ದು ಎಂತ, ಕಂತುಗಳು. ಅದಕ್ಕೆ ವಾಟ್ಸಾಪ್‌ನಲ್ಲಿ "ಓಕೆ" ಬಂದ ಮೇಲೆ ಕೆಲಸಕ್ಕೆ ಕೈ ಹಾಕಿ.

ಡೊಮೇನ್ (ಸೈಟಿನ ವಿಳಾಸ), ಹೋಸ್ಟಿಂಗ್ (ಸೈಟ್ ಇಡುವ ಸರ್ವರ್ ಜಾಗ) ಅವರ ಹೆಸರಲ್ಲಿ, ಅವರ ಇಮೇಲ್‌ನಲ್ಲೇ ಇರಲಿ. ಗೂಗಲ್ ಬಿಸಿನೆಸ್ ಪ್ರೊಫೈಲ್‌ನಲ್ಲಿ (ಗೂಗಲ್ ಮ್ಯಾಪ್, ಹುಡುಕಾಟದಲ್ಲಿ ಕಾಣುವ ಹೋಮ್‌ಸ್ಟೇ ವಿವರ) ಅವರು ಓನರ್, ನೀವು ಮ್ಯಾನೇಜರ್. ನಿಮ್ಮ ಖಾತೆಯಲ್ಲಿದ್ದು ರಿನೀವಲ್ ತಪ್ಪಿದ್ರೆ ಸೈಟ್ ಜೊತೆ ಆ ಡೊಮೇನಿನ ಇಮೇಲೂ ನಿಲ್ತದೆ. ಅವಧಿ ಮೀರಿದ ಡೊಮೇನ್ ಅಳಿಸಿಹೋದ ಮೇಲೂ ಡಾಟ್ ಕಾಮ್‌ಗೆ 30 ದಿನದ ಬಿಡಿಸಿಕೊಳ್ಳುವ ಅವಧಿ ಉಂಟು, ಆದರೆ ಶುಲ್ಕ ರಿನೀವಲ್‌ಗಿಂತ ಎಷ್ಟೋ ಪಟ್ಟು ಹೆಚ್ಚು. ಆಗ ಬೈಗುಳ ನಿಮಗೇ.

ನೀವು ಉದ್ಯಮ್ ನೋಂದಣಿಯನ್ನೂ (ಸಣ್ಣ ಉದ್ಯಮಗಳ ಸರ್ಕಾರಿ ನೋಂದಣಿ) ಮಾಡಿಸಿಕೊಳ್ಳಿ, ಉಚಿತ. 2006ರ ಎಂಎಸ್‌ಎಂಇ (ಸೂಕ್ಷ್ಮ, ಸಣ್ಣ, ಮಧ್ಯಮ ಉದ್ಯಮ) ಕಾಯ್ದೆ ಪ್ರಕಾರ ಪಾವತಿ ದಿನ ಬರಹದಲ್ಲಿ ಒಪ್ಪಿದ್ರೆ ಗರಿಷ್ಠ 45 ದಿನ, ಒಪ್ಪಂದ ಇಲ್ಲದಿದ್ದರೆ 15 ದಿನದೊಳಗೆ ಕ್ಲೈಂಟ್ ಹಣ ಕೊಡಬೇಕು. ನೋಂದಣಿ ಸಂಖ್ಯೆಯನ್ನು ಬಿಲ್ಲಿನ ಮೇಲ್ಭಾಗದಲ್ಲೇ ಹಾಕಿ.